ಮೂರು ಕುದುರೆ, ಒಂದು ತೆರಿಗೆ

ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದ ಹೊಸದರಲ್ಲಿ ಒಂದು ವಿಷಯ ನನಗೆ ವಿಚಿತ್ರ ಅನಿಸಿತ್ತು. ಚರ್ಚಿನ ಕಾಣಿಕೆ ಎಣಿಸಲು ಸರ್ಕಾರದ ಕಡೆಯವರು ಯಾರೂ ಬರುವುದಿಲ್ಲ. ನಮ್ಮ ಮುಜರಾಯಿ ಗುಡಿಗಳಲ್ಲಿ ಹುಂಡಿ ತೆರೆಯುವಾಗ ಅಧಿಕಾರಿಗಳು ಎದುರಿಗೇ ಇರಬೇಕು, ಅಲ್ವಾ? ಇಲ್ಲಿ ಸಂವಿಧಾನದ 1791ರ ಮೊದಲ ತಿದ್ದುಪಡಿ ಸರ್ಕಾರವನ್ನು ಧರ್ಮದಿಂದ ದೂರ ಇಟ್ಟಿದೆ. ಅದನ್ನು ಬೇಕೆಂದವರಲ್ಲಿ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರೇ ಮುಂದಿದ್ದರು. ವರ್ಜೀನಿಯಾದಲ್ಲಿ ಅವರ ಬೋಧಕರು ಪರವಾನಗಿ ಇಲ್ಲದೆ ಬೋಧಿಸಿ ಜೈಲು ಕಂಡಿದ್ದರು.

'ಸರ್ಕಾರ ಚಿಕ್ಕದಾಗಿರಲಿ' ಅನ್ನುವ ಮಾತು ಇಲ್ಲಿ ಚರ್ಚಿಗೆ ಹೋಗುವವರ ಬಾಯಲ್ಲಿ ಜಾಸ್ತಿ. ನನಗೆ ಅದು ಪೂರ್ತಿ ನಂಬಿಕೆಗೆ ಬಂದದ್ದು ಕುದುರೆ ಕಟ್ಟಿ ಹಳೆಯ ಕಾಲದಂತೆ ಬದುಕುವ ಕ್ರೈಸ್ತ ಪಂಗಡವಾದ ಆಮಿಶ್ ಜನರನ್ನು ನೋಡಿದ ಮೇಲೆ. ಮುಪ್ಪಿನವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವುದು ದೇವರು ತಮಗೇ ಕೊಟ್ಟ ಕೆಲಸ ಅನ್ನುತ್ತಾರೆ ಅವರು. ಹಾಗಾಗಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ ಯೋಜನೆಯ ತೆರಿಗೆ ಕಟ್ಟಲಿಲ್ಲ. 1961ರಲ್ಲಿ ಇದೇ ರಾಜ್ಯದಲ್ಲಿ ತೆರಿಗೆಯವರು ಒಬ್ಬ ಆಮಿಶ್ ರೈತನ ಹೊಲಕ್ಕೇ ಬಂದು ಮೂರು ಕುದುರೆ ಹಿಡಿದುಕೊಂಡು ಹೋದರು. ಉಳುಮೆಯ ಕಾಲ ಬೇರೆ! ದೇಶವೆಲ್ಲ ಬೈದಿತು. 1965ರಲ್ಲಿ ವಿನಾಯಿತಿ ಸಿಕ್ಕಿತು. ಅದಕ್ಕೆ ಒಂದು ಷರತ್ತೂ ಇತ್ತು: ತೆರಿಗೆ ಕಟ್ಟದಿದ್ದರೆ ಪಿಂಚಣಿಯೂ ಇಲ್ಲ. ಆಮಿಶರು ಖುಷಿಯಿಂದ ಒಪ್ಪಿಕೊಂಡರು. ಉಳಿದ ತೆರಿಗೆಗಳನ್ನು ಈಗಲೂ ಕಟ್ಟುತ್ತಾರೆ. ಯಾರದ್ದಾದರೂ ಕೊಟ್ಟಿಗೆ ಸುಟ್ಟರೆ ಊರೆಲ್ಲ ಸೇರಿ ಮತ್ತೆ ಕಟ್ಟಿಕೊಡುತ್ತಾರೆ.

ಚರ್ಚಿಗೆ ಹೋಗುವ ಉಳಿದವರದ್ದು ಹಾಗಲ್ಲ. 1920ರಿಂದ 1933ರವರೆಗೆ ದೇಶದಲ್ಲಿ ಪಾನನಿಷೇಧ ಇತ್ತು. ಹಟ ಹಿಡಿದು ತಂದವರಲ್ಲಿ ಚರ್ಚುಗಳೇ ಮುಂದು. ಪಕ್ಕದ ಮನೆಯವನ ಲೋಟಕ್ಕೆ ಕೈ ಹಾಕುವಾಗ ಸರ್ಕಾರ ಎಷ್ಟು ದೊಡ್ಡದಿದ್ದರೂ ಪರವಾಗಿಲ್ಲ ಅನ್ನಿಸಿತು. ಈಗಲೂ ಅದೇ ಮನುಷ್ಯರು ಬೆಳಿಗ್ಗೆ ತೆರಿಗೆ ಬೇಡ ಅನ್ನುತ್ತಾರೆ, ಸಂಜೆ ಇನ್ನೊಬ್ಬರ ಬದುಕಿಗೆ ಕಾನೂನು ಬೇಕು ಅನ್ನುತ್ತಾರೆ. ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ನಮ್ಮ ಕಡೆಯೂ 'ಗುಡಿಗಳನ್ನು ಸರ್ಕಾರದ ಕೈಯಿಂದ ಬಿಡಿಸಿ' ಅನ್ನುವವರಿದ್ದಾರೆ. ನಾನೂ ಅರ್ಧ ಒಪ್ಪುತ್ತೇನೆ. ಆದರೆ ಮುಜರಾಯಿಯ 34 ಸಾವಿರಕ್ಕೂ ಹೆಚ್ಚು ಗುಡಿಗಳಲ್ಲಿ ಬಹುಪಾಲು ಸಿ ವರ್ಗದವು. ಅವುಗಳ ವರ್ಷದ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ. ಸರ್ಕಾರ ಪೂಜೆಗೆಂದು ಕೊಡುವ ತಸ್ತೀಕ್ ಹಣ ನಿಂತ ಮರುದಿನ ಅಲ್ಲಿ ದೀಪದ ಎಣ್ಣೆಗೆ ಯಾರು ಕೊಡುತ್ತಾರೆ? ಕೇಳಿದರೆ ಮಾತು ಬದಲಾಗುತ್ತದೆ.