ಎಡಗೈ ಎತ್ತಿದರೆ ನಿಲ್ಲುತ್ತದೆ

ಏಳು ವರ್ಷದ ನಮ್ಮ ಮಾಣಿಯ ಕೆಳದವಡೆಯ ಹಾಲುಹಲ್ಲು ಹುಳುಕು ಹಿಡಿದಿತ್ತು. ಜೋನಿಬೆಲ್ಲದ ಡಬ್ಬಿಯೊಂದಿಗೆ ಅವನಿಗಿದ್ದ ಸಲುಗೆಯೇ ಇದಕ್ಕೆ ಕಾರಣವೆಂದು ಆಯಿ ತೀರ್ಪು ಕೊಟ್ಟಾಗಿತ್ತು. ಹೇಗೂ ಬೀಳುವ ಹಲ್ಲಲ್ಲವೇ ಎಂದು ನಾನು ನುಣುಚಿಕೊಳ್ಳಲು ನೋಡಿದೆನಾದರೂ, ಅದು ಹತ್ತು–ಹನ್ನೊಂದು ವರ್ಷದವರೆಗೆ ಅಲ್ಲೇ ಇದ್ದು ಅಡಿಯಿಂದ ಬರುವ ಹಲ್ಲಿಗೆ ಜಾಗ ಕಾಯಬೇಕೆಂದು ಶಿರಸಿಯ ದಂತವೈದ್ಯೆ ಹೇಳಿದ ಮೇಲೆ ಹೊರಡಲೇಬೇಕಾಯಿತು.

ಧೈರ್ಯ ತುಂಬುವ ಹೊಣೆ ನನ್ನದು. ಬಸ್ಸಿನಲ್ಲಿ, "ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ" ಎಂದೆ. ಅಲ್ಲಿಯವರೆಗೆ ಕಿಟಕಿಯಾಚೆ ಅಡಿಕೆ ತೋಟ ನೋಡುತ್ತ ಸುಮ್ಮನಿದ್ದವನು ತಟ್ಟನೆ ತಿರುಗಿ, "ಸೂಜಿನೂ ಇರ್ತಾ?" ಎಂದ. ಆಡಿದ ಮಾತನ್ನು ಮುಚ್ಚಲು ತೊಡದೇವಿನ ಆಸೆ ತೋರಿಸಿದೆ. ಸಿಹಿ ತಿಂದು ಕೆಟ್ಟ ಹಲ್ಲಿಗೆ ಸಿಹಿಯದೇ ಲಂಚ!

ವೈದ್ಯೆಯ ಬಾಯಲ್ಲಿ ಸೂಜಿಯ ಹೆಸರೇ ಬರಲಿಲ್ಲ. ಅದು 'ಹಲ್ಲನ್ನು ಮಲಗಿಸುವ ನೀರು'. ಮಕ್ಕಳ ದಂತವೈದ್ಯರಲ್ಲಿ 1959ರಿಂದ ಬಳಕೆಯಲ್ಲಿರುವ 'ಹೇಳು, ತೋರಿಸು, ಮಾಡು' ಎಂಬ ಕ್ರಮದಂತೆ, ಗರಗರ ತಿರುಗುವ ಸಲಕರಣೆಯ ಸದ್ದನ್ನು ಮೊದಲು ಕೇಳಿಸಿ, ಗಾಳಿಯ ಕೊಳವೆಯನ್ನು ಅವನ ಉಗುರಿನ ಮೇಲೆ ಆಡಿಸಿ, ಆಮೇಲಷ್ಟೇ ಬಾಯಿಗೆ ಕೈ ಹಾಕಿದರು. ವಸಡಿಗೆ ಮರಗಟ್ಟಿಸುವ ಜೆಲ್ ಸವರಿ ಒಂದೆರಡು ನಿಮಿಷ ಕಾದು, ಕೆನ್ನೆಯನ್ನು ಮೆಲ್ಲಗೆ ಅಲುಗಿಸುತ್ತಲೇ ಔಷಧವನ್ನು ನಿಧಾನವಾಗಿ ಬಿಟ್ಟರು; ಅಲುಗಾಟದ ಸ್ಪರ್ಶವು ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದನ್ನು ತಗ್ಗಿಸುತ್ತದಂತೆ. ಮಾಣಿ ಕಣ್ಣು ಪಿಳುಕಿಸಿದ, ಅಷ್ಟೆ. ಮೂಲೆಯಲ್ಲಿ ಕುಳಿತು ಕಾಲು ಕುಣಿಸುತ್ತಿದ್ದ ನನಗೆ ಮಾತ್ರ, ಹೊರಗೆ ಗಾಳಿಗೆ ನಿಲ್ಲಬಹುದೆಂಬ ಸಲಹೆ ಸಿಕ್ಕಿತು.

"ನೋವಾದರೆ ಎಡಗೈ ಎತ್ತು, ನಿಲ್ಲಿಸುತ್ತೇನೆ" ಎಂದು ಅವರು ಕೊಟ್ಟ ಮಾತೇ ಮುಂದಿನದಕ್ಕೆಲ್ಲ ಮೂಲವಾಯಿತು. ಬಾಯಿಯ ನೀರು ಕೊಳವೆಯಲ್ಲಿ ಎಲ್ಲಿಗೆ ಹೋಗುತ್ತದೆಂದು ಕೇಳಲು ಒಮ್ಮೆ, ಹಲ್ಲಿನ ಹುಳ ತೋರಿಸಿ ಎನ್ನಲು ಮತ್ತೊಮ್ಮೆ ಅವನು ಕೈ ಎತ್ತಿದ. ಎತ್ತಿದಾಗಲೆಲ್ಲ ಅವರು ನಿಲ್ಲಿಸಿದರು. ಇಷ್ಟು ಅಧಿಕಾರ ಅವನಿಗೆ ಮನೆಯಲ್ಲೆಂದೂ ಸಿಕ್ಕಿರಲಿಲ್ಲ.

ತುಟಿಯ ಜೋಮು ಎರಡು–ಮೂರು ತಾಸು ಇರುವುದರಿಂದ, ತಿಳಿಯದೆ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳದಂತೆ ಕಾಯಬೇಕಿತ್ತು. ತೊಡದೇವನ್ನೂ ಅಲ್ಲಿಯವರೆಗೆ ಕೊಡುವಂತಿರಲಿಲ್ಲ. ಹುಲೇಕಲ್ ರಸ್ತೆಯ ಬಸ್ಸಿನಲ್ಲಿ ಪೊಟ್ಟಣ ನನ್ನ ತೊಡೆಯ ಮೇಲಿತ್ತು, ನನ್ನ ಕಣ್ಣು ಅವನ ತುಟಿಯ ಮೇಲಿತ್ತು. ಅವನ ಕೈಯನ್ನು ಯಾರೂ ನೋಡಲಿಲ್ಲ. ಕಾಡಿನ ನಡುವೆ ಕಂಡಕ್ಟರ್ ಸೀಟಿ ಊದಿದರು, ಬಸ್ಸು ನಿಂತಿತು. ಎಡಗೈ ಎತ್ತಿಕೊಂಡೇ ಕುಳಿತಿದ್ದ ಮಾಣಿ ಅರ್ಧ ತುಟಿಯಲ್ಲಿ ನಕ್ಕು, "ಇಲ್ಲೂ ನಿಲ್ಲಿಸ್ತ, ಅಪ್ಪಾ!" ಎಂದ.

ಮನೆ ಇನ್ನೂ ಎರಡು ಕಿಲೋಮೀಟರ್ ದೂರವಿತ್ತು. ಬಸ್ಸಿನವರೆಲ್ಲ ನಮ್ಮನ್ನೇ ನೋಡುತ್ತಿದ್ದುದರಿಂದ, ಇಳಿಯಬೇಕಾದ ಜಾಗ ಅದೇ ಎಂಬಂತೆ ಪೊಟ್ಟಣ ಹಿಡಿದುಕೊಂಡು ಇಳಿದೆವು.