ಸತ್ಯಾಂಶ: ಫ್ಲೇವನಾಯ್ಡ್ ಅಂದಮಾತ್ರಕ್ಕೆ ನಿರಪಾಯವೇ?

ಹಣ್ಣು, ಚಹಾ, ಈರುಳ್ಳಿಯಲ್ಲಿರುವ ಫ್ಲೇವನಾಯ್ಡ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಸಹಜವಾದದ್ದರಿಂದ ಅಡ್ಡಪರಿಣಾಮವೇ ಇಲ್ಲ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಎಡವಟ್ಟಾಗುವುದು 'ಫ್ಲೇವನಾಯ್ಡ್' ಎಂಬುದನ್ನು ಒಂದೇ ವಸ್ತು ಎಂದುಕೊಂಡಾಗ. ಅದು ಸಾವಿರಾರು ಸಂಯುಕ್ತಗಳ ಕುಟುಂಬ.

ಕ್ಯಾನ್ಸರ್ ಔಷಧವಾಗಿ ಪ್ರಯೋಗಿಸಲಾದ ಫ್ಲೇವೊಪಿರಿಡಾಲ್ ಎಂಬ ಫ್ಲೇವನಾಯ್ಡ್ ಅನ್ನೇ ನೋಡಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಡೈಸಾಕ್ಸಿಲಮ್ ಜಾತಿಯ ಮರದಲ್ಲಿ ಸಿಗುವ ರೋಹಿಟುಕಿನ್ ಎಂಬ ಸಂಯುಕ್ತ ಇದಕ್ಕೆ ಮಾದರಿ. ಆದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಈ ಅಣುವಿನಲ್ಲಿ ಕ್ಲೋರಿನ್ ಸೇರಿದ ಉಂಗುರವೊಂದು ಹೆಚ್ಚಾಗಿದೆ. ವಂಶಸೂತ್ರದ ಸಂದೇಶ ನಕಲಾಗಲು ಬೇಕಾದ ಸಿಡಿಕೆ9 ಎಂಬ ಕಿಣ್ವವನ್ನು ಇದು ತಡೆಯುತ್ತದೆ. ಆ ಕಿಣ್ವ ಆರೋಗ್ಯವಂತ ಕೋಶಕ್ಕೂ ಬೇಕಲ್ಲ! ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ತೀವ್ರ ಭೇದಿ, ಬಿಳಿ ರಕ್ತಕಣಗಳ ಕುಸಿತ ಕಂಡಿವೆ. ಗಡ್ಡೆಯ ಕೋಶಗಳು ಒಮ್ಮೆಗೇ ಒಡೆದು ರಕ್ತದ ಲವಣಾಂಶ ಏರುಪೇರಾದದ್ದೂ ಉಂಟು.

ಇನ್ನೊಂದು ಸ್ವಾರಸ್ಯ: ಗಾಜಿನ ತಟ್ಟೆಯಲ್ಲಿ ಕೋಶ ಬೆಳೆಸಲು ಬಳಸುವ ಕರುವಿನ ಸೀರಮ್‌ನ (ರಕ್ತದ ದ್ರವಭಾಗದ) ಪ್ರೋಟೀನ್‌ಗಿಂತ ಮನುಷ್ಯರ ರಕ್ತದ ಪ್ರೋಟೀನ್‌ಗೆ ಈ ಔಷಧ ಬಹಳ ಹೆಚ್ಚು ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಔಷಧ ಕೋಶದ ಮೇಲೆ ಕೆಲಸ ಮಾಡದು. ಹಾಗಾಗಿ ತಟ್ಟೆಯಲ್ಲಿ ಗೆದ್ದ ಪ್ರಮಾಣ ದೇಹದಲ್ಲಿ ಸೋತಿತು, ಕೊಡುವ ಕ್ರಮವನ್ನೇ ಬದಲಿಸಬೇಕಾಯಿತು. ತಟ್ಟೆಯಲ್ಲಿ ಕೋಶ ಸಾಯಿಸಲು ಉಪ್ಪುನೀರೂ ಸಾಕು ಬಿಡಿ.

ಇಂಥ ಸಂದೇಶ ಬಂದರೆ ಪರೀಕ್ಷೆ ಆದದ್ದು ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ ಎಂದು ಹುಡುಕಿ. ಪ್ರಮಾಣ ಹೇಳಿದೆಯೇ ನೋಡಿ. ಸಂಯುಕ್ತದ ಪೂರ್ಣ ಹೆಸರು ಸಿಕ್ಕರೆ ಅದರ ಸುರಕ್ಷತಾ ಮಾಹಿತಿ ಪತ್ರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಇರುವ ಪುಡಿ ಔಷಧವಲ್ಲ. ಊಟದ ಈರುಳ್ಳಿಗೂ ಅದಕ್ಕೂ ಸಂಬಂಧವಿಲ್ಲ.