ಎಲ್ಲರಿಗೂ ಕರ್ವಾಲೋನೇ ಇಷ್ಟವಾ?

ಹಾಸನ, ಚಿಕ್ಕಮಗಳೂರು ಕಡೆ ಬರೆಯಬೇಕು ಅಂತ ಆಸೆ ಇರುವ ಹುಡುಗ ಹುಡುಗಿಯರನ್ನು ನಿಮ್ಮ ಇಷ್ಟದ ಪುಸ್ತಕ ಯಾವುದು ಅಂತ ಕೇಳಿ ನೋಡಿ. ಮುಕ್ಕಾಲು ಪಾಲು ಜನ ಯೋಚನೆಯನ್ನೇ ಮಾಡದೆ ಪೂರ್ಣಚಂದ್ರ ತೇಜಸ್ವಿ ಅನ್ನುತ್ತಾರೆ. ಯಾವುದು ಅಂದರೆ ಕರ್ವಾಲೋ, ಮಲೆನಾಡಿನ ಕಾಡು ಸುತ್ತುವ ವಿಜ್ಞಾನಿಯ ಕಾದಂಬರಿ. ಇಂಟರ್‌ನ್ಯಾಷನಲ್ ಬೂಕರ್ ಬಂದ 2025ರ ಮೇ ತಿಂಗಳಿಂದ ಬಾನು ಮುಷ್ತಾಕ್ ಹೆಸರೂ ಜೊತೆಗೆ ಸೇರಿಕೊಂಡಿದೆ. ಎರಡೂ ಒಳ್ಳೆಯ ಉತ್ತರಗಳೇ. ನನ್ನ ತಕರಾರು ಆ ಉತ್ತರ ಬರುವ ಸ್ಪೀಡಿನ ಬಗ್ಗೆ. ಕೆಲಸದ ಇಂಟರ್‌ವ್ಯೂನಲ್ಲಿ ಕೇಳಿದ ಹಾಗೆ ಪಟ್ಟಂತ ಬರುತ್ತದೆ. ಸುಮ್ನೆ ಒಂದು ಮರ್ಯಾದಸ್ಥ ಹೆಸರು ಹೇಳಿ ತಪ್ಪಿಸಿಕೊಂಡರು ಅನ್ನಿಸುತ್ತದೆ.

ನಾವು ಒಂದಷ್ಟು ಜನ ಹಾಸನದ ಮಹಾರಾಜ ಪಾರ್ಕಿನಲ್ಲಿ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಓದಿದ್ದು ಹೇಳುವುದು, ಬರೆದದ್ದು ತೋರಿಸುವುದು, ಟೀ ಕುಡಿದು ಮನೆಗೆ ಹೋಗುವುದು, ಅಷ್ಟೇ. ಅಲ್ಲಿಗೆ ಅರಸೀಕೆರೆ ಕಡೆಯ ಒಬ್ಬ ಹುಡುಗ ಬರುತ್ತಾನೆ, ಡಿಗ್ರಿ ಕೊನೇ ವರ್ಷ. ಹೋದ ಸಲ ಒಂದು ಕಥೆ ಓದಿದ. ಕಥೆಯಲ್ಲಿ ಜಡಿಮಳೆ. ಕಾಫಿ ತೋಟ. ಕೆಸರಿನಲ್ಲಿ ಹೂತುಹೋದ ಜೀಪು. ನಾಯಕನ ಕಾಲಿಗೆ ಹತ್ತಿದ, ರಕ್ತ ಹೀರುವ ಇಂಬಳ. ಜೊತೆಗೊಬ್ಬ ವಿಚಿತ್ರ ವಿಜ್ಞಾನಿ, ಒಂದು ನಾಯಿ. ಭಾಷೆ ಚೆನ್ನಾಗಿತ್ತು. ಆದರೆ ಮಳೆ ಕಮ್ಮಿ ಇರುವ ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವನ ಕಥೆಯಲ್ಲಿ ಮೊದಲ ಸಾಲಿನಿಂದ ಕೊನೇ ಸಾಲಿನವರೆಗೂ ಮಳೆ ನಿಲ್ಲಲೇ ಇಲ್ಲ!

‘ಇಂಬಳ ಕಚ್ಚಿಸ್ಕೊಂಡಿದೀಯೇನಪ್ಪಾ?’ ಅಂತ ನಮ್ಮಲ್ಲೊಬ್ಬರು ಕೇಳಿದರು.

‘ಇಲ್ಲ ಸಾರ್. ಬಿಸ್ಲೆ ಘಾಟಿಗೆ ಟ್ರಿಪ್ ಹೋದಾಗ ಫ್ರೆಂಡಿಗೆ ಕಚ್ಚಿತ್ತು.’

ಆಮೇಲೆ ಟೀ ಕುಡಿಯುವಾಗ ಮಾತು ಕೊಬ್ಬರಿ ರೇಟಿನ ಕಡೆ ತಿರುಗಿತು. ಅವನ ಅಪ್ಪ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಹಿಂದಿನ ರಾತ್ರಿಯೇ ಹೋಗಿ ಮಲಗಿದ್ದರಂತೆ. ಕ್ಯೂನಲ್ಲಿ ಜನ ನಿಂತಿರಲಿಲ್ಲ, ಚಪ್ಪಲಿಗಳು ನಿಂತಿದ್ದವಂತೆ. ಕೆಲವರು ಕಲ್ಲು ಇಟ್ಟಿದ್ದರು, ಒಬ್ಬರು ಆಧಾರ್ ಕಾರ್ಡಿನ ಜೆರಾಕ್ಸಿನ ಮೇಲೆ ಕಲ್ಲು ಹೇರಿದ್ದರು. ಬೆಳಗಿನ ಜಾವ ಯಾರದೋ ಹಸು ಬಂದು ಜೆರಾಕ್ಸ್ ತಿಂದುಬಿಟ್ಟಿತು. ಆ ಜಾಗ ಈಗ ಯಾರದು ಅಂತ ಜಗಳ ಶುರು. ಹಸುವಿನ ಯಜಮಾನನೂ ಅದೇ ಕ್ಯೂನಲ್ಲಿದ್ದ. ಹುಡುಗ ಅವರವರ ದನಿಯಲ್ಲೇ ಮಾತಾಡಿ ತೋರಿಸಿದ. ನಗು ತಡೆಯಲಾಗದೆ ಒಬ್ಬರು ಟೀ ಚೆಲ್ಲಿಕೊಂಡರು. ಜಗಳದ ಮಧ್ಯೆ ಅಪ್ಪ ಮಾತ್ರ ತಮ್ಮ ಚಪ್ಪಲಿಯ ಪಕ್ಕ ಬರಿಗಾಲಲ್ಲಿ ಕೂತೇ ಇದ್ದರಂತೆ. ಹಾಕಿಕೊಂಡರೆ ಜಾಗ ಹೋಗುತ್ತಲ್ಲ.

‘ಇದನ್ನ ಯಾಕೋ ಬರೀಲಿಲ್ಲ?’ ಅಂದೆ.

‘ಇದೂ ಕಥೆನಾ ಸಾರ್?’ ಅಂದ. ತಮಾಷೆಗಲ್ಲ, ನಿಜವಾಗಿಯೂ ಗೊತ್ತಿಲ್ಲದೇ ಕೇಳಿದ.

ಇದರಲ್ಲಿ ತೇಜಸ್ವಿಯವರದು ಏನೂ ತಪ್ಪಿಲ್ಲ ಬಿಡಿ. ಅವರನ್ನು ನಾವು ಓದಿಕೊಳ್ಳುವ ರೀತಿಯಲ್ಲಿ ಏನೋ ಎಡವಟ್ಟಾಗಿದೆ. ಮೈಸೂರಿನಲ್ಲಿ ಓದಿ, ಮೂಡಿಗೆರೆಗೆ ಬಂದು ತೋಟ ಮಾಡಿಕೊಂಡು, ಮೀನು ಹಿಡಿಯುತ್ತಾ, ಹಕ್ಕಿ ಫೋಟೋ ತೆಗೆಯುತ್ತಾ ಬರೆದ ಮನುಷ್ಯ. ಅವರ ಕಥೆಯಲ್ಲಿ ಮಳೆ ಬರುವುದು ಅವರು ಮಳೆಯಲ್ಲಿ ನೆನೆದದ್ದಕ್ಕೆ. 1973ರಲ್ಲಿ ಬಂದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿ ಓದಿದ್ದೀರಾ? ನನ್ನ ಪ್ರಕಾರ ಹೊಸದಾಗಿ ಬರೆಯುವವರು ಕರ್ವಾಲೋಗಿಂತ ಮೊದಲು ಓದಬೇಕಾದ್ದು ಅದು. ತಮ್ಮ ಮೇಲೆ ಪ್ರಭಾವ ಬೀರಿದವರು ಯಾರು ಅಂತ ಅಲ್ಲಿ ಅವರೇ ಹೇಳಿಕೊಂಡಿದ್ದಾರೆ. ಸಮಾಜವಾದಿ ನಾಯಕ ಲೋಹಿಯಾ ಅವರ ಚಿಂತನೆ, ಕುವೆಂಪು ಅವರ ಕೃತಿಗಳು, ಶಿವರಾಮ ಕಾರಂತರು ಬದುಕಿನಲ್ಲೇ ಮಾಡಿದ ಪ್ರಯೋಗಗಳು. ಈ ಮೂವರಲ್ಲಿ ಒಬ್ಬರ ಹಾಗಾದರೂ ತೇಜಸ್ವಿ ಬರೆದರಾ? ಅಪ್ಪ ಕುವೆಂಪು ಅವರ ಹಾಗೇ ಬರೆಯಲಿಲ್ಲ! ಅದೇ ಮುನ್ನುಡಿಯಲ್ಲಿ, ಆಗ ಎಲ್ಲರೂ ಒಪ್ಪಿಕೊಂಡಿದ್ದ ನವ್ಯ ಸಾಹಿತ್ಯ ಪಂಥದ ದಾರಿ ನನಗೆ ಸಾಕು ಅಂತ ಹೇಳಿ ಹೊರನಡೆದರು. ಅವರಿಂದ ಕಲಿಯುವುದಾದರೆ ಈ ಹಟ ಕಲಿಯಬಹುದು. ಜೀಪು, ನಾಯಿ ಎಲ್ಲ ಆಮೇಲೆ.

ಇನ್ನೊಂದು ವಿಷಯ. ತಮಗೆ ಇಷ್ಟವಾದ ಪುಸ್ತಕವನ್ನು ಬೇರೆಯವರಿಗೆ ಹಂಚುವುದು ಹೇಗೆ ಅಂತಲೂ ತೇಜಸ್ವಿ ತೋರಿಸಿಕೊಟ್ಟಿದ್ದಾರೆ. ಕೆನೆತ್ ಆಂಡರ್ಸನ್ ಬರೆದ ಶಿಕಾರಿ ಕಥೆಗಳನ್ನು ಕೂತು ಕನ್ನಡಕ್ಕೆ ತಂದರು. ಪ್ರದೀಪ್ ಕೆಂಜಿಗೆ ಅವರ ಜೊತೆ ಸೇರಿ ಪ್ಯಾಪಿಲಾನ್ ತಂದರು. ಒಂದು ನರಭಕ್ಷಕ ಹುಲಿ ಚಿರತೆಗಳ ಕಥೆ, ಇನ್ನೊಂದು ಜೈಲಿನಿಂದ ತಪ್ಪಿಸಿಕೊಂಡು ಓಡುವ ಕೈದಿಯ ಕಥೆ. ವಿಚಾರ ಸಂಕಿರಣದಲ್ಲಿ ಹೇಳಿಕೊಳ್ಳುವಂಥ ಆಯ್ಕೆಗಳಲ್ಲ. ಕನ್ನಡದವರೂ ಓದಲಿ ಅನ್ನಿಸಿತು, ತಂದರು.

ಅರಸೀಕೆರೆಯ ಹುಡುಗನಿಗೆ ಆ ದಿನ ನಾವು ಹೇಳಿದ್ದು ಭೈರಪ್ಪನವರ ‘ಗೃಹಭಂಗ’. ಅದು ಅವನ ಊರಿನ ಪಕ್ಕದ್ದೇ, ಚನ್ನರಾಯಪಟ್ಟಣ, ತಿಪಟೂರು ಸೀಮೆಯದು. ಬರ, ಪ್ಲೇಗು, ಶಾನುಭೋಗಿಕೆ, ಬಾಯಿಗೆ ಬಂದ ಹಾಗೆ ಬೈಯುವ ಅತ್ತೆ. ಭೈರಪ್ಪನವರ ವಿಚಾರಗಳ ಬಗ್ಗೆ ನನಗೂ ಜಗಳ ಇದೆ, ಅದು ಬೇರೆ ಮಾತು. ಆದರೆ ಬಯಲುಸೀಮೆಯ ಮನೆಯೊಳಗಿನ ಬೈಗುಳವೂ ಕಾದಂಬರಿಯಾಗುತ್ತದೆ ಅಂತ ತಿಳಿಯಲು ಅದನ್ನು ಓದಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನಂತೂ ಈಗಿನವರು ಹತ್ತನೇ ಕ್ಲಾಸಿನ ಪಾಠದ ಹೆಸರು ಅಂತ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಅವರು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮ್ಮೂರಿನ ಹೇಮಾವತಿ ದಡದ ಕಣ್ಣನ್ನೇ ಅಲ್ಲಿಗೂ ತೆಗೆದುಕೊಂಡು ಹೋಗಿದ್ದರು. ನಗಿಸುತ್ತಾ ಬರೆಯುವುದು ಎಷ್ಟು ಕಷ್ಟ ಅಂತ ಒಂದು ಪುಟ ಪ್ರಯತ್ನಿಸಿದವರಿಗೆ ಗೊತ್ತು.

ಬಾನು ಮುಷ್ತಾಕ್ ಅವರ ವಿಷಯಕ್ಕೆ ಬಂದರೆ, ಇಂಟರ್‌ನ್ಯಾಷನಲ್ ಬೂಕರ್ ಬಂದ ದಿನ ಹಾಸನದಲ್ಲಿ ಸ್ಟೇಟಸ್ ಹಾಕದವರೇ ಇರಲಿಲ್ಲ. ಕನ್ನಡಕ್ಕೆ ಮೊದಲ ಸಲ ಬಂದ ಬಹುಮಾನ, ಅದೂ ಒಂದು ಕಥಾಸಂಕಲನಕ್ಕೆ, ಅದೂ ನಮ್ಮೂರಿನ ವಕೀಲರಿಗೆ. ಹಾಕಲಿ, ಸಂತೋಷ. ಆದರೆ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕಥೆಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ಓದಿದ್ದೀರಾ ಅಂದರೆ ತುಂಬಾ ಜನ ಫೋನ್ ನೋಡಲು ಶುರುಮಾಡುತ್ತಾರೆ. ಬಾನು ಅವರ ಮನೆಮಾತು ಕನ್ನಡವಲ್ಲ. ಆರು ತಿಂಗಳಲ್ಲಿ ಕನ್ನಡ ಕಲಿಯಬೇಕು ಅನ್ನುವ ಷರತ್ತಿನ ಮೇಲೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿ, ಕೆಲವೇ ದಿನಗಳಲ್ಲಿ ಬರೆಯಲು ಶುರುಮಾಡಿದವರು. ಕಥೆಗಾಗಿ ಅವರು ಬೆಟ್ಟ ಹತ್ತಲಿಲ್ಲ. ಸುತ್ತಲಿನ ಹೆಂಗಸರ ಪಾಡು ನೋಡಿ ಬರೆದರು. ಅಂಥ ಮಾತು ಕಿವಿಗೆ ಬೀಳುವುದಕ್ಕೆ ಹೋಮ್‌ಸ್ಟೇ ಬುಕ್ ಮಾಡಬೇಕಾಗಿಲ್ಲ, ಅಲ್ವಾ? ಸ್ಫೂರ್ತಿ ಬೇಕು ಅಂತ ಮುಳ್ಳಯ್ಯನಗಿರಿಗೆ ಬೈಕ್ ಹತ್ತುವವರಿಗೆ ಇದನ್ನು ಸ್ವಲ್ಪ ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ನಮ್ಮ ಗುಂಪಿಗೆ ಬರುವ ಒಬ್ಬ ಹುಡುಗಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಮೊದಲ ಸಲ ಬಂದಾಗ ಅವಳೂ ಕರ್ವಾಲೋ ಅಂದಳು. ಸ್ವಲ್ಪ ಪರಿಚಯ ಆದ ಮೇಲೆ ನಿಜ ಹೊರಗೆ ಬಂತು. ಅವಳು ಮತ್ತೆ ಮತ್ತೆ ಓದಿದ್ದು ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕ ಒಂದು ಹಳೇ ಪತ್ತೇದಾರಿ ಕಾದಂಬರಿ. ರಟ್ಟು ಇಲ್ಲ, ಬರೆದವರ ಹೆಸರು ಇಲ್ಲ, ಕೊನೆಯ ಪುಟಗಳೂ ಇಲ್ಲ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗದೆ ತಾನೇ ಕೊನೆ ಬರೆದಳು. ಒಂದಲ್ಲ, ಮೂರ್ನಾಲ್ಕು ಥರ. ಒಂದರಲ್ಲಿ ಪತ್ತೇದಾರನೇ ಕೊಲೆಗಾರ. ‘ಇದನ್ನ ಹೇಳಿದ್ರೆ ನಗ್ತೀರ ಅಂತ ಹೇಳಿರ್ಲಿಲ್ಲ’ ಅಂದಳು. ಯಾರೂ ನಗಲಿಲ್ಲ. ಎಲ್ಲರಿಗೂ ಆ ಪುಸ್ತಕ ಬೇಕಾಯಿತು! ಅವತ್ತು ಅವಳು ಕರ್ವಾಲೋ ಬಗ್ಗೆಯೇ ಮಾತಾಡಿದ್ದರೆ ನಾವು ತಲೆ ಆಡಿಸಿ ಸುಮ್ಮನಾಗುತ್ತಿದ್ದೆವು.

ಪುಸ್ತಕ ಹಂಚಿಕೊಳ್ಳುವುದು ಅಂದರೆ ಈಗ ಎರಡೇ ಕೆಲಸ ಆಗಿಬಿಟ್ಟಿದೆ. ಕಾಫಿ ಲೋಟದ ಪಕ್ಕ ಮುಖಪುಟ ಇಟ್ಟು ಫೋಟೋ ಹಾಕುವುದು, ಇಲ್ಲದಿದ್ದರೆ ಗ್ರೂಪಿಗೆ ಕದ್ದ ಪಿಡಿಎಫ್ ತಳ್ಳುವುದು. ಫೋಟೋ ಹಾಕಿಕೊಳ್ಳಿ, ಯಾರಿಗೂ ನಷ್ಟ ಇಲ್ಲ. ಪಿಡಿಎಫ್ ಮಾತ್ರ ಬೇಡ. ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ ಇರುವ ಭಾಷೆ ನಮ್ಮದು. ದುಡ್ಡಿಲ್ಲದಿದ್ದರೆ ಲೈಬ್ರರಿ ಇದೆ. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ನಮ್ಮಿಂದಲೇ ವಸೂಲಿ ಆಗುತ್ತದೆ. ಹೋಗಿ ಉಪಯೋಗಿಸಿಕೊಳ್ಳಿ, ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿ ಅಂತ ಕೇಳಿ.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಮತ್ತೆ ಪಾರ್ಕಿನಲ್ಲಿ ಸೇರುತ್ತಿದ್ದೇವೆ. ಯಾರು ಬೇಕಾದರೂ ಬರಬಹುದು. ಹೇಳಿಕೊಳ್ಳಲು ನಾಚಿಕೆ ಆಗುವಂಥ ಒಂದು ಇಷ್ಟದ ಪುಸ್ತಕ ತನ್ನಿ. ಪತ್ತೇದಾರಿ, ಪಂಚಾಂಗ, ಹಳೇ ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಹೊಲಿದದ್ದು, ಯಾವುದಾದರೂ ಸರಿ. ಒಂದು ಪುಟ ಗಟ್ಟಿಯಾಗಿ ಓದಬೇಕು, ಯಾಕೆ ಇಷ್ಟ ಅಂತ ಹೇಳಬೇಕು. ಅರಸೀಕೆರೆ ಹುಡುಗ ಚಪ್ಪಲಿ ಕ್ಯೂ ಬರೆದುಕೊಂಡು ಬರುತ್ತೇನೆ ಅಂದಿದ್ದಾನೆ. ಹಸುವನ್ನು ಇಟ್ಟುಕೊಳ್ಳಲಾ, ಯಾರೂ ನಂಬಲ್ವೇನೋ ಅಂತ ನಿನ್ನೆ ಮೆಸೇಜ್ ಮಾಡಿದ್ದ. ಇಟ್ಟುಕೋ ಮಾರಾಯ ಅಂದೆ. ಈ ಸಲ ಕರ್ವಾಲೋ ತಂದವರಿಗೆ ಮಾತ್ರ ಟೀ ಇಲ್ಲ.